ಮಣ್ಣಿನ ಶಿಲೀಂಧ್ರ ಮತ್ತು ಗಜಕರ್ಣ



ಕ್ಷೌರದ ಕೂದಲು, ಉದುರಿದ ಗರಿ, ಸತ್ತ ದನಗಳ ಕೊಂಬು ಗೊರಸುಗಳು ಮಣ್ಣಿಗೆ ಸೇರಿದ ಮೇಲೆ ಏನಾಗುತ್ತವೆ ಎಂದು ನಾವು ಆಲೋಚಿಸುವುದು ವಿರಳ. ಇವೆಲ್ಲವೂ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನಿಂದಾದವು. ಬಹುಪಾಲು ಸೂಕ್ಷ್ಮಜೀವಿಗಳು ಇದನ್ನು ಅರಗಿಸಿಕೊಳ್ಳಲಾರವು. ಆದರೆ ಮಣ್ಣಿನಲ್ಲಿರುವ ಕೆಲವು ಶಿಲೀಂಧ್ರಗಳು ಕಿಣ್ವವನ್ನು ಸ್ರವಿಸಿ ಇದನ್ನು ಕರಗಿಸಿ ಉಣ್ಣುತ್ತವೆ. ತೇವದ ಮಣ್ಣಿನ ಮೇಲೆ ಶುದ್ಧಗೊಳಿಸಿದ ಕೂದಲನ್ನು ಹರಡಿ ಇಂಥ ಶಿಲೀಂಧ್ರಗಳನ್ನು ಬೆಳೆಸುವ ಸರಳ ವಿಧಾನವನ್ನು 1952ರಲ್ಲಿ ಬೆಲ್ಜಿಯಂನ ವಾನ್‌ಬ್ರೂಸೆಘೆಮ್ ಎಂಬ ವಿಜ್ಞಾನಿ ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ.

ಇವು ಭೂಮಿಯ ಜಾಡಮಾಲಿಗಳು. ಆದರೆ ನಮ್ಮ ಚರ್ಮದ ಹೊರಪದರ, ಕೂದಲು, ಉಗುರುಗಳೂ ಕೆರಾಟಿನ್ನಿನವೇ. ನ್ಯಾನಿಝಿಯಾ ಜಿಪ್ಸಿಯಾ ಎಂಬ ಮಣ್ಣಿನ ಶಿಲೀಂಧ್ರವು ತರಚಿದ ಚರ್ಮಕ್ಕೆ ತಗುಲಿದರೆ ಗಜಕರ್ಣವನ್ನು ಉಂಟುಮಾಡಬಲ್ಲದು.

ಸೇವಂತಿಗೆ ಬೆಳೆಯುವ ತಾಯಿಯೊಬ್ಬರು ಮುಂಗೈಯ ಮೇಲಿನ ಕೆಂಪು ಉಂಗುರವನ್ನು ತೋರಿಸಲು ನಮ್ಮಲ್ಲಿಗೆ ಬಂದಿದ್ದರು. ನಾವು ಎರಡು ವಾರ ಲೇಪವನ್ನು ಕೊಟ್ಟೆವು, ಗುಣವಾಗಲಿಲ್ಲ. ಬಳಿಕ ವಿಚಾರಿಸಿದಾಗ, ಅವರು ಅಂಗಡಿಯಿಂದ ತಂದ ಸ್ಟೀರಾಯ್ಡ್ ಬೆರೆತ ಮುಲಾಮನ್ನೂ ಹಚ್ಚುತ್ತಿದ್ದರೆಂದು ತಿಳಿಯಿತು. ಅದನ್ನು ಮೊದಲ ದಿನವೇ ಕೇಳದಿದ್ದುದು ನಮ್ಮ ತಪ್ಪು. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಚರ್ಮದ ಪ್ರತಿರೋಧ ಕುಂದಿ ರೋಗ ಹರಡುತ್ತದೆ, ಅಂಚು ಮಸುಕಾಗಿ ಗುರುತಿಸುವುದೂ ಕಷ್ಟವಾಗುತ್ತದೆ. ನಾವು ಅವರನ್ನು ಚರ್ಮತಜ್ಞರಲ್ಲಿಗೆ ಕಳುಹಿಸಿದೆವು. ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಶಿಲೀಂಧ್ರದ ಎಳೆಗಳು ಕಂಡವು. ತಕ್ಕ ಔಷಧಿಯಿಂದ ಅವರು ಗುಣಮುಖರಾದರು.

ಆಯುರ್ವೇದವು ಈ ವ್ಯಾಧಿಯನ್ನು ದದ್ರು ಎನ್ನುತ್ತದೆ. ಚರಕರು ಇದನ್ನು ಕ್ಷುದ್ರಕುಷ್ಠಗಳಲ್ಲಿಯೂ ಸುಶ್ರುತರು ಮಹಾಕುಷ್ಠಗಳಲ್ಲಿಯೂ ಎಣಿಸಿದ್ದಾರೆ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ತಗಚೆಗೆ ದದ್ರುಘ್ನ ಎಂಬ ಹೆಸರೇ ಇದೆ. ಆದರೂ ತಲೆಯಲ್ಲಿ, ಉಗುರಿನಲ್ಲಿ ಅಥವಾ ಮೈತುಂಬ ಹರಡಿದ ಗಜಕರ್ಣಕ್ಕೆ ಲೇಪವೊಂದೇ ಸಾಲದು. ಮಧುಮೇಹಿಗಳು ವಿಳಂಬ ಮಾಡಲೇಬಾರದು.

ಹೊಲ, ಕೈತೋಟ, ಕೊಟ್ಟಿಗೆಗಳ ಕೆಲಸ ಮುಗಿದೊಡನೆ ಕೈಕಾಲುಗಳನ್ನು ಸಾಬೂನಿನಿಂದ ತೊಳೆದು, ಬೆರಳ ಸಂದುಗಳನ್ನೂ ಒರೆಸಿ ಒಣಗಿಸಬೇಕು. ತರಚು ಗಾಯವಿದ್ದರೆ ಮುಚ್ಚಿಕೊಂಡು ಮಣ್ಣು ಮುಟ್ಟಬೇಕು. ಬೆವರಿನ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಬೇಕು. ಒಬ್ಬರ ಟವೆಲನ್ನು ಮತ್ತೊಬ್ಬರು ಬಳಸಬಾರದು. ಕಲೆ ಮಾಯವಾಯಿತೆಂದು ಔಷಧಿಯನ್ನು ನಡುವೆ ನಿಲ್ಲಿಸಬಾರದು.

ಮಣ್ಣಿಗೆ ಅಂಜಿ ಕಾಯಕವನ್ನು ಬಿಡಬೇಕಿಲ್ಲ. ಹೆಸರರಿಯದ ಮುಲಾಮಿಗೆ ಅಂಜಿದರೆ ಸಾಕು.