ಬಿಟ್‌ಕಾಯಿನ್ನಿನ ಬಾಡಿಗೆ

ಮಾವಿನ ಸುಗ್ಗಿಯಲ್ಲಿ ಲಾರಿ ಬಾಡಿಗೆ ಏಕೆ ಏರುತ್ತದೆಂಬುದನ್ನು ಗೌನಿಪಲ್ಲಿ, ಶ್ರೀನಿವಾಸಪುರಗಳ ಕಡೆಯ ಕೇಳುಗರಿಗೆ ವಿವರಿಸಬೇಕಾಗಿಲ್ಲ. ಸರಕು ಹೆಚ್ಚು, ಲಾರಿ ಕಡಿಮೆ. ಬಿಟ್‌ಕಾಯಿನ್ ಎಂಬ ಗಣಕಯಂತ್ರದ ನಾಣ್ಯದ ಕಥೆಯೂ ಇದೇ.

ಅದರ ಲೆಕ್ಕವನ್ನು ಯಾವ ಬ್ಯಾಂಕೂ ಬರೆಯುವುದಿಲ್ಲ. ಲೋಕದಾದ್ಯಂತ ಹರಡಿರುವ ಗಣಕಯಂತ್ರಗಳು ಒಂದೇ ಖಾತೆಪುಸ್ತಕಕ್ಕೆ ಸರಾಸರಿ 10 ನಿಮಿಷಕ್ಕೊಂದು ಪುಟವನ್ನು ಸೇರಿಸುತ್ತವೆ. ಆ ಪುಟವೇ ಇಲ್ಲಿನ ಲಾರಿ. ಅದರ ಅಳತೆಗೆ 2010ರಲ್ಲಿ ಮಿತಿ ಬಿತ್ತು. 2017ರಲ್ಲಿ ತುಸು ಸಡಿಲಿಸಿದರೂ ಅದರಲ್ಲಿ ಹಿಡಿಯುವುದು ಕೆಲವೇ ಸಾವಿರ ವ್ಯವಹಾರಗಳು. ಜನ ಮುಗಿಬಿದ್ದಾಗ, ಪುಟ ಬರೆಯುವವರು ಹೆಚ್ಚು ಶುಲ್ಕ ಕೊಟ್ಟವರನ್ನು ಮೊದಲು ಏರಿಸಿಕೊಳ್ಳುತ್ತಾರೆ. ಉಳಿದವರು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕಾಗುತ್ತದೆ.

2017ರ ಡಿಸೆಂಬರಿನಲ್ಲಿ ಸರಾಸರಿ ಶುಲ್ಕ 50 ಡಾಲರನ್ನು, ಎಂದರೆ ಅಂದಿನ ಸುಮಾರು 3,200 ರೂಪಾಯಿಗಳನ್ನು ಮೀರಿತ್ತು. ಈ ಶುಲ್ಕ ಹಣದ ಮೊತ್ತಕ್ಕಲ್ಲ, ಪುಟದಲ್ಲಿ ಹಿಡಿಯುವ ಜಾಗಕ್ಕೆ. ಕೋಟಿ ಕಳುಹಿಸುವವನಿಗೆ ಅದು ಲೆಕ್ಕಕ್ಕಿಲ್ಲ. ಮನೆಗೆ ಮೂರು ಸಾವಿರ ಕಳುಹಿಸುವವನಿಗೆ ಸರಕಿಗಿಂತ ಬಾಡಿಗೆಯೇ ಭಾರ.

ಅಂಗಡಿಯ ಬಾಕಿಯಂತೆ ಸಣ್ಣ ವ್ಯವಹಾರಗಳನ್ನು ಹೊರಗೇ ನಡೆಸಿ, ಕೊನೆಯ ಬಾಕಿಯನ್ನಷ್ಟೇ ಪುಟಕ್ಕೇರಿಸುವ ‘ಲೈಟ್ನಿಂಗ್’ ವ್ಯವಸ್ಥೆ 2018ರಿಂದ ಬಳಕೆಯಲ್ಲಿದೆ. ಆದರೆ ಆ ಬಾಕಿಯ ಲೆಕ್ಕವನ್ನು ತಾನೇ ತೆರೆಯಬಯಸುವ ಬಡವನೂ ಒಮ್ಮೆ ಪುಟದ ಬಾಡಿಗೆಯನ್ನು ತೆರಲೇಬೇಕು.