ಪಾಠ ಯೋಜನೆ: ಕಡತಕ್ಕೋ, ತರಗತಿಗೋ?

ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗ ದೊಡ್ಡದೋ ಎಂದು ನಾಲ್ಕನೇ ತರಗತಿಯಲ್ಲಿ ಕೇಳಿದರೆ ಅನೇಕ ಮಕ್ಕಳು ನಾಲ್ಕನೇ ಒಂದು ಭಾಗವೇ ದೊಡ್ಡದು ಎನ್ನುತ್ತಾರೆ. ಮೂರಕ್ಕಿಂತ ನಾಲ್ಕು ದೊಡ್ಡದು ಎಂದು ಹಿಂದಿನ ವರ್ಷಗಳಲ್ಲಿ ಕಲಿಸಿದ್ದು ಶಾಲೆಯೇ. ಹೀಗಾಗಿ ಮಗುವಿನ ಉತ್ತರದಲ್ಲಿ ತರ್ಕವಿದೆ, ಆದರೆ ಆ ತರ್ಕ ಭಿನ್ನರಾಶಿಗೆ ಅನ್ವಯಿಸುವುದಿಲ್ಲ. ಈ ತಪ್ಪು ಬರಲಿದೆ ಎಂದು ಹಿಂದಿನ ದಿನವೇ ಊಹಿಸಿದ ಶಿಕ್ಷಕರು ಒಂದೇ ಅಳತೆಯ ಎರಡು ಕಾಗದದ ಪಟ್ಟಿಗಳನ್ನು ತರಗತಿಗೆ ಒಯ್ಯುತ್ತಾರೆ. ಒಂದನ್ನು ಮೂರಾಗಿ, ಇನ್ನೊಂದನ್ನು ನಾಲ್ಕಾಗಿ ಮಕ್ಕಳಿಂದಲೇ ಮಡಿಸಿ ಪಕ್ಕಪಕ್ಕದಲ್ಲಿ ಇಡಿಸುತ್ತಾರೆ. ಊಹಿಸದವರು ‘ತಪ್ಪು, ಕೂತುಕೋ’ ಎಂದು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಪಠ್ಯಪುಸ್ತಕ ಅದೇ, ಅವಧಿಯೂ ಅದೇ. ವ್ಯತ್ಯಾಸ ಇರುವುದು ಹಿಂದಿನ ದಿನದ ಅರ್ಧ ಗಂಟೆಯಲ್ಲಿ.

ಶಿಕ್ಷಕರ ತರಬೇತಿಯಲ್ಲಿ ಪಾಠ ಯೋಜನೆ ಎಂದು ಕರೆಯುವುದು ಈ ಅರ್ಧ ಗಂಟೆಯನ್ನೇ. ಯಾವುದನ್ನು ಕಲಿಸಬೇಕು, ಮಕ್ಕಳಿಗೆ ಈಗಾಗಲೇ ಏನು ಗೊತ್ತಿದೆ, ಎಲ್ಲಿ ಎಡವುತ್ತಾರೆ, ಅವರಿಗೆ ಅರ್ಥವಾಯಿತೆಂದು ತಿಳಿಯುವುದು ಹೇಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿದ್ಧವಿದ್ದರೆ ಯೋಜನೆ ಸಿದ್ಧವಾದಂತೆ. ಅದು ಹತ್ತು ಪುಟವೇ ಇರಬೇಕೆಂದಿಲ್ಲ.

ಆದರೆ ರಾಜ್ಯದ ಬಹುಪಾಲು ಶಿಕ್ಷಕರಿಗೆ ಈ ಪದ ನೆನಪಿಸುವುದು ತಪಾಸಣೆಯನ್ನು. ವಾರ್ಷಿಕ ಪಾಠ ಹಂಚಿಕೆ, ಘಟಕ ಯೋಜನೆ, ಪಾಠ ಟಿಪ್ಪಣಿ, ಅವುಗಳ ಮೇಲೆ ಮುಖ್ಯೋಪಾಧ್ಯಾಯರ ಸಹಿ. ಹಿಂದಿನ ವರ್ಷದ ಟಿಪ್ಪಣಿಯನ್ನು ದಿನಾಂಕ ಬದಲಿಸಿ ನಕಲು ಮಾಡುವುದು ಶಿಕ್ಷಣ ವಲಯದಲ್ಲಿ ಗುಟ್ಟಿನ ಸಂಗತಿಯೇನೂ ಅಲ್ಲ. ಸಿದ್ಧ ಟಿಪ್ಪಣಿಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತವೆ, ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ನಿಮಿಷದಲ್ಲಿ ಒಂದನ್ನು ಬರೆದುಕೊಡುತ್ತವೆ. ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಷನ್ ರೂಪಿಸಿದ ‘ಶಿಕ್ಷಾ ಕೋಪೈಲಟ್’ ರಾಜ್ಯದ ಕೆಲವು ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಗೊಂಡಿದೆ. ಬರವಣಿಗೆಯ ಹೊರೆ ಇಳಿದರೆ ಸಂತೋಷವೇ. ಆದರೆ ಮೂರನೇ ಬೆಂಚಿನ ಮಗು ಕಳೆದ ವಾರ ಗೈರುಹಾಜರಾಗಿತ್ತು ಎಂಬುದು ಯಾವ ತಂತ್ರಾಂಶಕ್ಕೂ ತಿಳಿಯದು.

ಯೋಜನೆ ಯಾಂತ್ರಿಕವಾದದ್ದಕ್ಕೆ ಹಳೆಯ ಇತಿಹಾಸವಿದೆ. ಜರ್ಮನಿಯ ತತ್ತ್ವಶಾಸ್ತ್ರಜ್ಞ ಯೋಹಾನ್ ಫ್ರೆಡ್ರಿಕ್ ಹರ್ಬಾರ್ಟ್ (1776-1841) ಕಲಿಕೆಗೆ ನಾಲ್ಕು ಹಂತಗಳನ್ನು ಸೂಚಿಸಿದ್ದರು. ಅವರ ಅನುಯಾಯಿಗಳು ಅದನ್ನು ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಎಂಬ ಐದು ಹಂತಗಳ ಸೂತ್ರವಾಗಿಸಿದರು. ಇದೇ ಸೂತ್ರ ಭಾರತದ ಶಿಕ್ಷಕರ ತರಬೇತಿ ಸಂಸ್ಥೆಗಳಲ್ಲಿ ದಶಕಗಳ ಕಾಲ ಬೇರೂರಿತು. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು-2005 ಮಗುವೇ ಜ್ಞಾನವನ್ನು ಕಟ್ಟಿಕೊಳ್ಳುತ್ತದೆ ಎಂದ ಮೇಲೆ ಹಂತಗಳ ಹೆಸರು ಬದಲಾದವು. ನಮೂನೆ ತುಂಬುವ ಅಭ್ಯಾಸ ಮಾತ್ರ ಹಾಗೆಯೇ ಉಳಿಯಿತು.

ಏಣಿ ಮತ್ತು ತಟ್ಟೆ

ಕಾಗದದಾಚೆಗೆ ಯೋಜನೆ ಏನು ಮಾಡಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ, ಯುನಿಸೆಫ್ ನೆರವಿನೊಂದಿಗೆ ‘ನಲಿ-ಕಲಿ’ ಆರಂಭವಾಯಿತು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿ ಅದಕ್ಕೆ ಪ್ರೇರಣೆ. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು.

ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಊರುಗಳಿಗೆಂದು ರೂಪಿಸಿದ ಪದ್ಧತಿ ಇದು. ವರ್ಷದ ಕಲಿಕೆಯನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದು ಗೋಡೆಯ ‘ಕಲಿಕಾ ಏಣಿ’ಯ ಮೇಲೆ ಕ್ರಮವಾಗಿ ಜೋಡಿಸಲಾಯಿತು. ಪ್ರತಿ ಕಾರ್ಡು ಐದು ‘ತಟ್ಟೆ’ಗಳಲ್ಲಿ ಒಂದಕ್ಕೆ ಸೇರುತ್ತದೆ. ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಿಂದ ಹಿಡಿದು, ಸಹಪಾಠಿಗಳ ನೆರವಿನ ಗುಂಪು, ಕೊನೆಗೆ ಸ್ವಕಲಿಕೆಯ ಗುಂಪಿನವರೆಗೆ. ನಾಲ್ಕು ದಿನ ಜ್ವರದಲ್ಲಿ ಮಲಗಿದ್ದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಶಿಕ್ಷಕರು ಒಂದು ಗುಂಪಿನ ಜೊತೆ ಕುಳಿತಿದ್ದಾಗ ಉಳಿದವರು ಸುಮ್ಮನೆ ಕೂರುವುದಿಲ್ಲ. ಯೋಜನೆಯ ದೊಡ್ಡ ಭಾಗವನ್ನು ಮೊದಲೇ ಕಾರ್ಡುಗಳಲ್ಲಿ ಮಾಡಿಟ್ಟಿದ್ದರಿಂದ ಇದು ಸಾಧ್ಯವಾಯಿತು. ಅದನ್ನು ರೂಪಿಸುವಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಮುಂದಾಗಿದ್ದರು ಎಂಬುದು ಗಮನಾರ್ಹ. ಕಾರ್ಡು ಹರಿದು, ಹೊಸದು ಬಾರದೆ, ಏಣಿ ಗೋಡೆಯ ಅಲಂಕಾರವಷ್ಟೇ ಆದ ಕಡೆ ಪದ್ಧತಿಯೂ ನಿಂತಿತು ಎನ್ನುವುದನ್ನೂ ಮರೆಯುವಂತಿಲ್ಲ.

ಜಪಾನಿನ ಶಾಲೆಗಳಲ್ಲಿ ಇನ್ನೊಂದು ರೂಢಿಯಿದೆ. ಹಲವು ಶಿಕ್ಷಕರು ಕೂಡಿ ಒಂದೇ ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಕಲಿಸುವಾಗ ಉಳಿದವರು ಹಿಂದೆ ನಿಂತು ಮಕ್ಕಳನ್ನು ಗಮನಿಸುತ್ತಾರೆ. ಬಳಿಕ ಚರ್ಚಿಸಿ ಪಾಠವನ್ನು ತಿದ್ದುತ್ತಾರೆ. ಅವರ ಯೋಜನೆಯಲ್ಲಿ ಮಕ್ಕಳು ಕೊಡಬಹುದಾದ ಉತ್ತರಗಳಿಗೂ ಜಾಗವಿರುತ್ತದೆ. ತಪಾಸಣೆಗೆ ಒಳಗಾಗುವುದು ಪಾಠ, ಶಿಕ್ಷಕರಲ್ಲ.

ಸಮಯ ಎಲ್ಲಿದೆ?

ಇಷ್ಟೆಲ್ಲ ಮಾಡಲು ಬಿಡುವು ಬೇಕಲ್ಲವೇ ಎಂಬ ಶಿಕ್ಷಕರ ಪ್ರಶ್ನೆ ನ್ಯಾಯಯುತ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಇದಕ್ಕೆ ಉತ್ತರವಿದೆ. ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ, 1000 ಬೋಧನಾ ಗಂಟೆ. ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ, ಸಿದ್ಧತೆಯ ಅವಧಿಯೂ ಸೇರಿ. ಲೆಕ್ಕ ಹಾಕಿದರೆ ಆರು ದಿನಗಳ ವಾರದಲ್ಲಿ ಬೋಧನೆಗೆ ಸುಮಾರು 27 ಗಂಟೆ ಬೇಕು, 18 ಗಂಟೆ ಉಳಿಯುತ್ತದೆ. ಅಂದರೆ ಸಿದ್ಧತೆ ಮನೆಗೆ ಒಯ್ಯುವ ಉಪಕಾರದ ಕೆಲಸವಲ್ಲ, ಕಾನೂನು ಲೆಕ್ಕಕ್ಕೆ ಹಿಡಿದ ಕೆಲಸ.

ಆ ಗಂಟೆಗಳು ಬಿಸಿಯೂಟದ ಲೆಕ್ಕ, ಮೊಟ್ಟೆ ವಿತರಣೆಯ ದಾಖಲೆ, ಆನ್‌ಲೈನ್ ಮಾಹಿತಿ ಭರ್ತಿಗಳಲ್ಲಿ ಕರಗುತ್ತವೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನಡೆದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಸುತ್ತಿದ್ದು ಬಹುತೇಕ ಶಿಕ್ಷಕರೇ. ಅದಕ್ಕಾಗಿ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಜೂನ್‌ನಲ್ಲಿ ಬರೆದ ವಾರ್ಷಿಕ ಹಂಚಿಕೆ ಅಲ್ಲಿಗೆ ಏರುಪೇರಾಯಿತು. ಉಳಿದ ತಿಂಗಳುಗಳಲ್ಲಿ ಯಾವ ಪಾಠಕ್ಕೆ ಎಷ್ಟು ಅವಧಿ, ಯಾವುದನ್ನು ಹಗುರಗೊಳಿಸಬೇಕು, ಯಾವುದನ್ನು ಬಿಡುವಂತೆಯೇ ಇಲ್ಲ ಎಂಬುದನ್ನು ತೀರ್ಮಾನಿಸುವ ಕೆಲಸ ಮತ್ತೆ ಶಾಲೆಯ ಸಿಬ್ಬಂದಿ ಕೊಠಡಿಗೇ ಬಂತು.