ಬಯಲಲ್ಲಿ ನಿಲ್ಲುವ ಕಾರಿಗೆ ಎಂಥ ಹೊದಿಕೆ?

ಪ್ರಶ್ನೆ: ಭತ್ತ ಮುಚ್ಚುವ ತಾಡಪತ್ರಿಯನ್ನೇ ಕಾರಿಗೂ ಹೊದಿಸಬಹುದೇ?

ಉತ್ತರ: ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಾದ ಸಿದ್ದಾಪುರದಲ್ಲಿ ತಾಡಪತ್ರಿ ಅಗ್ಗವಾಗಿ ಸಿಗುವುದಾದರೂ, ಅದು ಒಳಗಿನ ತೇವವನ್ನು ಹೊರಬಿಡದ ಕಾರಣ, ನೆಲದಿಂದೆದ್ದ ಆವಿ ರಾತ್ರಿ ತಣಿದು ಬಾನೆಟ್ಟಿನ ಮೇಲೆ ಹನಿಗಟ್ಟಿ, ಬಣ್ಣ ಕಿತ್ತ ಕಡೆ ತುಕ್ಕಿಗೆ ದಾರಿಯಾಗುತ್ತದೆ. ಇಲ್ಲಿ ಮಳೆಗಿಂತ 40 ಡಿಗ್ರಿ ಮುಟ್ಟುವ ಬೇಸಿಗೆಯ ಬಿಸಿಲೇ ಹೆಚ್ಚು ಕೆಡುಕು ಮಾಡುವುದರಿಂದ, ನೇರಳಾತೀತ ಕಿರಣಗಳನ್ನು, ಅಂದರೆ ಬಣ್ಣವನ್ನೂ ರಬ್ಬರನ್ನೂ ಸವೆಸುವ ಕಣ್ಣಿಗೆ ಕಾಣದ ಬೆಳಕನ್ನು, ತಡೆಯುವ ಲೇಪವುಳ್ಳ, ಗಾಳಿಯಾಡುವ ಪಾಲಿಯೆಸ್ಟರ್ ಹೊದಿಕೆಯೇ, ತುಸು ದುಬಾರಿಯಾದರೂ, ಕೊನೆಯ ಲೆಕ್ಕದಲ್ಲಿ ಅಗ್ಗ. ಅಕ್ಕಿ ಗಿರಣಿಗಳಿಂದ ಹಾರಿಬರುವ ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾ, ಅಂದರೆ ಮರಳಿನ ಮೂಲದ್ರವ್ಯವೇ ಆಗಿದ್ದು, ಸಡಿಲ ಹೊದಿಕೆ ಗಾಳಿಗೆ ಬಡಿದಾಡಿದರೆ ಅದು ಉಜ್ಜುಕಾಗದದಂತೆ ಬಣ್ಣವನ್ನು ಗೀರುತ್ತದೆ. ಆದ್ದರಿಂದ ಕಾರಿನ ಅಳತೆಗೆ ಹೊಂದುವ, ಅಡಿಯಲ್ಲಿ ಬಿಗಿಯುವ ಪಟ್ಟಿಯಿರುವ ಹೊದಿಕೆಯನ್ನೇ ಕೊಳ್ಳಬೇಕು. ತೊಳೆದು ಒಣಗಿಸದ ಕಾರಿಗೆ ಯಾವುದನ್ನೂ ಹೊದಿಸಬಾರದು.